ಬಾಯಿಗೆ ಮುಟ್ಟಿಸಿದ್ದು ತಿಂದ ಲೆಕ್ಕವಲ್ಲ

ವೈದ್ಯರಿಗೆ ಪಾಠ ಹೇಳಿಸುವ ಇಲಾಖೆಯ ಮಾನ್ಯ ಮುಖ್ಯಸ್ಥರೇ,

ತಾವು ಇದನ್ನು ಓದುವ ಹೊತ್ತಿಗೆ ನಮ್ಮ ಕಾಡಿನ ಅಕ್ರೋಟು ಕಾಯಿಗಳ ಹಸಿರು ಸಿಪ್ಪೆ ಬಿರಿಯತೊಡಗಿರುತ್ತದೆ. ಇನ್ನು ಕೆಲವೇ ವಾರಗಳಲ್ಲಿ ಊರಿಗೆ ಊರೇ ಮನೆಗಳಿಗೆ ಬೀಗ ಜಡಿದು, ದನಕರು, ಚಹಾ ಕಾಯಿಸುವ ಸಮೋವರ, ಅಜ್ಜಿಯರ ಸಮೇತ ಕಾಯಿ ಆರಿಸಲು ಕಾಡು ಹೊಕ್ಕು ಡೇರೆ ಹಾಕುತ್ತದೆ. ನನ್ನ ಏಳು ವರ್ಷದ ಮಗಳು ಅಕ್ಮೋರಳಿಗೆ ಅಕ್ರೋಟು ಒಗ್ಗುವುದಿಲ್ಲ. ಒಗ್ಗುವುದಿಲ್ಲವೆಂದರೆ ಮೂಗು ಮುರಿಯುತ್ತಾಳೆಂದಲ್ಲ, ಉಸಿರು ನಿಲ್ಲುತ್ತದೆ. ಹೀಗೂ ಒಂದು ಕಾಯಿಲೆ ಇದೆಯೆಂದು ಗುರುತಿಸುವುದನ್ನಾಗಲಿ, ಗುರುತಿಸಿದ ಮೇಲೆ ಏನು ಮಾಡಬೇಕೆಂಬುದನ್ನಾಗಲಿ ತಾವು ನಮ್ಮ ಜಿಲ್ಲೆಯ ವೈದ್ಯರಿಗೆ ಕಲಿಸಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ಸಾಕ್ಷ್ಯ.

ಹೋದ ಚಳಿಗಾಲದಲ್ಲಿ ನನ್ನ ಹೆಂಡತಿ ಬುರುಲ್, ಅತ್ತೆ ಸಾಲ್ಕಿನ್ ಮತ್ತು ಅಕ್ಮೋರ್ ಎರವಲು ತಂದಿದ್ದ ಜರಡಿಯನ್ನು ಹಿಂದಿರುಗಿಸಲು ಪಕ್ಕದ ಬೀದಿಯ ಮನೆಗೆ ಹೋದರು. ಅವಸರ, ಕೂರುವುದಿಲ್ಲ ಎಂದರು. ಕೂರದಿದ್ದರೆ ಬೇಡ. ಆದರೆ ರೊಟ್ಟಿಗೆ ಬಾಯಿ ಮುಟ್ಟಿಸದೆ ಯಾರ ಮನೆಯ ಹೊಸ್ತಿಲನ್ನೂ ದಾಟುವಂತಿಲ್ಲವೆಂದು ತಮಗೂ ಗೊತ್ತು, ತಾವೂ ನಮ್ಮವರೇ. ಮನೆಯಾಕೆ ಬಾಗಿಲಲ್ಲೇ ತಟ್ಟೆ ಹಿಡಿದಳು. ರೊಟ್ಟಿಯ ಮೇಲೆ ಅರೆದ ಅಕ್ರೋಟು ಸವರಿದ್ದಳು. ಮಗು ಒಂದು ಚೂರು ಬಾಯಿಗಿಟ್ಟು, ಎರಡೂ ಮನೆಗಳ ಮರ್ಯಾದೆ ಕಾಪಾಡಿ ಹೊರಬಂದಳು. ಬೀದಿಯ ತಿರುವು ಮುಟ್ಟುವಷ್ಟರಲ್ಲಿ ತುಟಿ ಬಾತು, ಮೈತುಂಬ ದದ್ದು, ವಾಂತಿ, ಎದೆಯೊಳಗೆ ಸಿಳ್ಳೆ. ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅಲ್ಲಿ ನಡೆದದ್ದನ್ನು ಬುರುಲ್ ನನಗೆ ಹೇಳಿದ್ದು ಹೀಗೆ.

"ಮಗು ಏನು ತಿಂದಿತ್ತಮ್ಮ?" ಎಂದು ಡಾಕ್ಟರಮ್ಮ ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ," ಎಂದರು ಅತ್ತೆ. "ಬೆಳಗ್ಗೆಯಿಂದ ಬರೀ ಚಹಾ. ಹಠಮಾರಿ ಇದು. ಅಕ್ರೋಟು ಕೊಟ್ರೂ ನಾಲಿಗೆ ಕಚ್ಚುತ್ತೆ ಅಂತ ಉಗೀತದೆ!"

"ಯಾರ ಮನೇಲಾದ್ರೂ ತಿಂತಾ?"

"ಅಯ್ಯೋ, ಕೂತ್ರೆ ತಾನೇ ತಿನ್ನೋದು! ಬಾಗಿಲಲ್ಲೇ ಬಾಯಿಗೆ ಮುಟ್ಟಿಸ್ಕೊಂಡು ಬಂದ್ವಿ."

"ಅದ್ಯಾವ ತಿನ್ನೋದು, ಬಿಡಿ," ಎಂದು ಡಾಕ್ಟರಮ್ಮ ಮುಂದಿನ ಪ್ರಶ್ನೆಗೆ ಹೋದರು.

ನೋಡಿದಿರಾ ಮಾನ್ಯರೇ? ರೋಗ ಎದ್ದು ನಿಂತು ತನ್ನ ಹೆಸರು, ವಿಳಾಸ ಎರಡನ್ನೂ ಹೇಳಿತು, ಕೇಳಿಸಿಕೊಂಡವರಿಲ್ಲ. ನಮ್ಮ ಸೀಮೆಯಲ್ಲಿ ಬಾಯಿಗೆ ಮುಟ್ಟಿಸಿದ್ದು ತಿಂದ ಲೆಕ್ಕವಲ್ಲ. ಮುಟ್ಟಿಸಿದರೂ ತಿಂದ ಹಾಗೆಯೇ ಎಂದು ಅತ್ತೆಗೆ ತಿಳಿಯದಿದ್ದರೆ ಕ್ಷಮೆಯಿದೆ, ಅವರು ಓದಿದ್ದು ಕುರಿಮಂದೆಯ ಹಿಂದೆ. ಬಿಳಿ ಕೋಟಿನೊಳಗೂ ಅದೇ ಅತ್ತೆ ಕೂತಿದ್ದರೆ ರೋಗಿ ಎಲ್ಲಿಗೆ ಹೋಗಬೇಕು? ಥಂಡಿ ಇರಬಹುದು, ಜಂತುಹುಳು ಇರಬಹುದು, ನರದೌರ್ಬಲ್ಯವೂ ಇರಬಹುದು ಎಂದು ಮೂರು ಕಾಯಿಲೆಗಳನ್ನು ಉದಾರವಾಗಿ ದಯಪಾಲಿಸಿ, ನರಕ್ಕೆ ಸೂಜಿ ಚುಚ್ಚಿ ಕ್ಯಾಲ್ಸಿಯಂ ಹನಿಸಿದರು. ನಮ್ಮ ಪುಣ್ಯಕ್ಕೆ ಬಾವು ತಾನಾಗಿ ಇಳಿಯಿತು. ಮನೆಗೆ ಕಳಿಸುವಾಗ ಕೆನ್ನೆ ಹಿಂಡಿ, "ಮಗು ತುಂಬಾ ನಿತ್ರಾಣ. ದಿನಾ ಬೆಳಗ್ಗೆ ಜೇನಲ್ಲಿ ಕಲಸಿದ ಅಕ್ರೋಟು ಒಂದು ಚಮಚ ಕೊಡಿ," ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬುದು ಹಳೆಯ ಗಾದೆ. ರೋಗ ಬಯಸಿದ್ದನ್ನೇ ವೈದ್ಯರು ಬರೆದುಕೊಡುವ ಹೊಸ ಗಾದೆಯ ಕೀರ್ತಿ ತಮ್ಮ ಇಲಾಖೆಗೇ ಸಲ್ಲಬೇಕು.

ಮಾರನೆಯ ಬೆಳಗ್ಗೆ ಅತ್ತೆ ಚಮಚ ಹಿಡಿದು ಕೂತರು.

"ಅಜ್ಜೀ, ಇದು ಕಚ್ಚುತ್ತೆ."

"ಔಷಧಿ ಕಚ್ಚದೆ ಮುದ್ದು ಮಾಡುತ್ತೇನೇ? ನುಂಗು, ನನ್ನ ಬಂಗಾರ."

ಬಂಗಾರ ನುಂಗಿದಳು. ಈ ಸಲ ಅವಳನ್ನು ಹೊತ್ತು ಓಡಿದವನು ನಾನು. ದಾರಿಯಲ್ಲೇ ಅವಳ ಕತ್ತು ನನ್ನ ಭುಜದ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿತ್ತು. ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ. ಮಗುವಿನ ತುಟಿ ನೀಲಿ. ಗಾಜಿನ ಬೀರುವಿನಲ್ಲಿ ಅಡ್ರಿನಾಲಿನ್ ಇತ್ತು, ಇಲ್ಲವೆಂದು ಹೇಳಿ ಪಾಪ ಕಟ್ಟಿಕೊಳ್ಳಲಾರೆ. ಅವರು ಅದನ್ನು ಸಿರಿಂಜಿಗೆ ಎಳೆದೂ ಇಟ್ಟರು. ಆಮೇಲೆ ಅದನ್ನು ಹಿಡಿದು ಹಾಗೇ ನಿಂತುಬಿಟ್ಟರು.

"ಇದು ಎದೆಬಡಿತ ನಿಂತವರಿಗೆ ಕೊಡೋದು. ಮಗೂಗೆ ಕೊಟ್ಟು ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ."

"ಕೊಡದೇ ಏನಾದ್ರೂ ಆದ್ರೆ?" ಎಂದಳು ಬುರುಲ್.

"ಅದು ದೇವರಿಚ್ಛೆ."

"ದೇವರ ಕೈಯಲ್ಲಿ ಈಗ ಏನೂ ಇಲ್ಲ ಡಾಕ್ಟ್ರೇ, ಸಿರಿಂಜು ನಿಮ್ಮ ಕೈಯಲ್ಲಿದೆ! ಚುಚ್ಚಿ!"

ನಡುಗುವ ಕೈಯಲ್ಲಿ ತೊಡೆಗೆ ಚುಚ್ಚಿದರು. ನಾವೆಲ್ಲ ಉಸಿರು ಬಿಡುವುದನ್ನೇ ಮರೆತು ನಿಂತಿದ್ದಾಗ ಮಗು ಉಸಿರೆಳೆದುಕೊಂಡಳು. ಇನ್ನೊಂದಿಷ್ಟು ಹೊತ್ತಿಗೆ ತುಟಿಗೆ ಬಣ್ಣ ಬಂದು, "ಅಪ್ಪಾ, ನನ್ನ ಇನ್ನೊಂದು ಬೂಟು ಎಲ್ಲಿ?" ಎಂದಳು. ಡಾಕ್ಟರಮ್ಮ ನೆಲದ ಮೇಲೆ ಕುಸಿದು ಕೂತು ಅತ್ತರು.

"ನಮಗೆ ಯಾರೂ ಹೇಳಿಕೊಡ್ಲಿಲ್ಲಪ್ಪ ಒಮುರ್ಜಾಕ್. ಅಲರ್ಜಿ ಅಂದ್ರೆ ಮೂಗು ಸೋರೋದು, ಕಣ್ಣು ತುರಿಸೋದು ಅಂತ ಓದಿದ್ವಿ. ಅಷ್ಟೇ."

ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ತಮಗಾಗಿ ಜೋಪಾನವಾಗಿ ತೆಗೆದಿಟ್ಟಿದ್ದೇನೆ. ಆಮೇಲೆ ಹಗಲಿಡೀ ಬೆಟ್ಟ ದಾಟಿ ರಾಜಧಾನಿಯ ಅಲರ್ಜಿ ತಜ್ಞೆಗೆ ತೋರಿಸಿದೆವು. ಆಕೆ ಕೇಳಿದ ಮೊದಲ ಪ್ರಶ್ನೆಯೇ, "ಅವಳ ತುಟಿಗೆ ಏನೇನು ತಾಕಿತ್ತು?" ಎಂಬುದು. ಈ ಒಂದು ಪ್ರಶ್ನೆಗೆ ಬೆಟ್ಟ ದಾಟಿ ನಮ್ಮ ಕಡೆ ಬರಲು ಬಸ್ಸು ಸಿಗಲಿಲ್ಲವೇ? ಲಾರಿಗಟ್ಟಲೆ ಅಕ್ರೋಟು ಅತ್ತ ಹೋಗುವ ದಾರಿಯಲ್ಲಿ ಚಿಟಿಕೆ ತಿಳಿವಳಿಕೆ ಇತ್ತ ಬರಲಾಗದೇ?

ತಮ್ಮ ಇಲಾಖೆ ತರಬೇತಿಯನ್ನೇ ಕೊಡುವುದಿಲ್ಲವೆಂದರೆ ನಾಲಿಗೆಗೆ ಹುಳ ಬಿದ್ದೀತು. ವಸಂತದಲ್ಲಿ ಅಲರ್ಜಿಯ ಬಗ್ಗೆಯೇ ಕಾರ್ಯಾಗಾರ ನಡೆಯಿತು. ಸ್ವಾಗತ ಭಾಷಣ, ಅದಕ್ಕೆ ಪ್ರತಿಭಾಷಣ, ಗಣ್ಯರ ತಲೆಗೆ ಉಣ್ಣೆಯ ಟೋಪಿ, ಎಲ್ಲರಿಗೂ ಪಲಾವು. ಬದಿಗೆ ನೆಂಚಿಕೊಳ್ಳಲು ಏನಿತ್ತು ಗೊತ್ತೇ? ಅಕ್ರೋಟು ಬೆರೆಸಿದ ಬೀಟ್‌ರೂಟು. ಏನು ಕಲಿಸಿದರೆಂದು ಡಾಕ್ಟರಮ್ಮನನ್ನು ಕೇಳಿದೆ. "ಊಟ ಆದ್ಮೇಲೆ ಕರೆಂಟು ಹೋಯ್ತು, ಪರದೆ ಮೇಲೆ ಏನೂ ಬರ್ಲಿಲ್ಲ. ಪ್ರಮಾಣಪತ್ರ ಮಾತ್ರ ಬಂತು," ಎಂದರು. ಅದೀಗ ಅದೇ ಗಾಜಿನ ಬೀರುವಿನ ಮೇಲೆ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಮಗಳ ಉಸಿರು ಸಿಕ್ಕಿಕೊಂಡರೆ ಅದನ್ನು ಇಳಿಸಿ ಗಾಳಿ ಬೀಸಬೇಕೇ?

ನಗಬೇಡಿ ಮಾನ್ಯರೇ. ನಗಿಸುವುದು ನನಗೆ ಹುಟ್ಟುಗುಣ, ಹೆದರಿದಾಗ ಇನ್ನೂ ಜಾಸ್ತಿ. ಅತ್ತೆ ಆ ದಿನದಿಂದ ಮೊಮ್ಮಗಳಿಗೆ ತಮ್ಮ ಕೈಯಾರೆ ಒಂದು ತುತ್ತೂ ಉಣಿಸಿಲ್ಲ. ತಟ್ಟೆಯನ್ನು ದೂರದಿಂದ ತಳ್ಳುತ್ತಾರೆ. ನಾನು ಕಾಡಿಗೆ ಹೋಗದಿದ್ದರೆ ವರ್ಷದ ಅನ್ನವಿಲ್ಲ. ಅವಳನ್ನು ಬಿಟ್ಟುಹೋಗೋಣವೆಂದರೆ ಊರಲ್ಲಿ ನೋಡಿಕೊಳ್ಳಲು ಒಂದು ನರಪಿಳ್ಳೆಯೂ ಉಳಿಯುವುದಿಲ್ಲ. ಕರೆದುಕೊಂಡು ಹೋದರೆ ಪ್ರತಿ ಡೇರೆಯ ಬಾಗಿಲಲ್ಲೂ ಒಂದು ತಟ್ಟೆ ಕಾದಿರುತ್ತದೆ.

ಆದ್ದರಿಂದ ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಕಾಯಿ ಉದುರುವ ಮೊದಲು ಅಲರ್ಜಿ ಬಲ್ಲ ಒಬ್ಬರನ್ನು ಇಲ್ಲಿಗೆ ಕಳಿಸಿ. ಭಾಷಣ ಬೇಡ, ಟೋಪಿ ಬೇಡ. ತುಟಿಗೆ ತಾಕಿದ್ದೂ ತಿಂದ ಹಾಗೆಯೇ ಎಂದು ನಮ್ಮ ವೈದ್ಯರಿಗೆ ಕಲಿಸಲಿ. ಉಸಿರು ಕಟ್ಟುತ್ತಿರುವಾಗ ಮೊದಲು ಕೊಡಬೇಕಾದದ್ದು ಕ್ಯಾಲ್ಸಿಯಂ ಅಲ್ಲ, ತೊಡೆಗೆ ಅಡ್ರಿನಾಲಿನ್ ಎಂದು, ಕೈ ನಡುಗುವುದು ನಿಲ್ಲುವವರೆಗೂ ಅಭ್ಯಾಸ ಮಾಡಿಸಲಿ.

ಮೊನ್ನೆ ಆ ಜರಡಿಯ ಮನೆಯಾಕೆ ಮತ್ತೆ ಬಾಗಿಲಲ್ಲಿ ತಟ್ಟೆ ಹಿಡಿದಳು. "ಯಾಕೇ ಪುಟ್ಟಿ, ನಮ್ಮನೆ ರೊಟ್ಟಿ ಅಷ್ಟು ಕೆಟ್ಟದಾ?" ಅಕ್ಮೋರ್ ರೊಟ್ಟಿಯನ್ನು ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡು, ತಟ್ಟೆಯ ಅಂಚಿನವರೆಗೂ ತಲೆ ಬಾಗಿಸಿ ನಮಸ್ಕರಿಸಿ, "ಕೆಟ್ಟದಲ್ಲ ಚಿಕ್ಕಮ್ಮ, ನಂಗೆ ಉಸಿರು ಬೇಕು," ಎಂದು ಹೊಸ್ತಿಲು ದಾಟಿದಳು. ತನ್ನ ಪಾಲಿನ ಪಾಠವನ್ನು ಅವಳು ಕಲಿತಿದ್ದಾಳೆ. ಇನ್ನು ತಮ್ಮವರ ಸರದಿ.

ಇಂತಿ,
ಅಕ್ರೋಟು ಕಾಡಿನಲ್ಲೇ ಹುಟ್ಟಿ, ಈಗ ಮರದ ನೆರಳಿಗೂ ಬೆಚ್ಚುವ,
ಅಕ್ಮೋರಳ ಅಪ್ಪ ಒಮುರ್ಜಾಕ್