ಪುಣೆಯ ಓಟದಲ್ಲಿ ಕೈದಾರ ಹಿಡಿದವರು ಯಾರು

ಗದಗ, ಫೆಬ್ರವರಿ ೩೦, ೨೨೪೬

ಇಪ್ಪತ್ತೊಂದನೆಯ ಶತಮಾನದ ಘನತೆವೆತ್ತ ಮಹಾಜನರೇ, ಮಾತೆಯರೇ, ಮೈದಾನದ ಪಕ್ಕ ಕೂತು ಶೇಂಗಾ ಸುಲಿಯುತ್ತಿರುವ ಮಹನೀಯರೇ,

ನಿಮ್ಮ ಕಾಲದಲ್ಲಿ ಫೆಬ್ರವರಿಗೆ ದಿನಗಳು ಸಾಲುತ್ತಿರಲಿಲ್ಲವಂತೆ, ನಾವು ಸೇರಿಸಿಕೊಂಡಿದ್ದೇವೆ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಅರ್ಥ ಹೇಳುತ್ತ ಹೋಗುತ್ತೇನೆ, ವ್ಯರ್ಥ ಎನ್ನದೆ ಓದಿ.

ನಮ್ಮಲ್ಲಿ 'ಕೈದಾರ' ಇಲ್ಲದ ಮನೆಯಿಲ್ಲ. ಇಬ್ಬರು ಬೆರಳಿಗೆ ಸುತ್ತಿಕೊಂಡು ಜೊತೆಗೆ ಓಡುವ ಗೇಣುದ್ದದ ಹಗ್ಗ ಅದು. ಕಣ್ಣಿದ್ದವರೂ ವಾರಕ್ಕೊಮ್ಮೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ನೆರೆಯವರ ಕೈದಾರ ಹಿಡಿದು ಸಂತೆಗೆ ಹೋಗುತ್ತಾರೆ. ಬದನೆಕಾಯಿಯನ್ನು ಮುಟ್ಟಿ ಆರಿಸುವುದರಿಂದ ಹುಳುಕು ಮನೆಗೆ ಬರುವುದು ಕಡಿಮೆಯಾಗಿದೆ. ಜಗಳವಾಡಿದ ಗಂಡ ಹೆಂಡಿರಿಗೆ ನ್ಯಾಯಾಲಯವು ಮೊದಲು ಒಟ್ಟಿಗೆ ಒಂದು ಸುತ್ತು ಓಡಿ ಬರಲು ಹೇಳುತ್ತದೆ. ಏದುಸಿರಿನಲ್ಲಿ ವಾದ ಮುಂದುವರಿಸಿದವರು ವಿರಳ. ದಾರಿ ಹೇಳುವುದೆಲ್ಲ ಪ್ರಾಸದಲ್ಲೇ. ಬಸ್ಸು ಕೂಡ "ಮೆಟ್ಟಿಲು ಮೂರು, ಮುಂದಿದೆ ನೀರು" ಎಂದು ಎಚ್ಚರಿಸುತ್ತದೆ. ಮಂಡಕ್ಕಿಯ ಗಿರಮಿಟ್ಟು ಮಾತ್ರ ಹಾಗೆಯೇ ಇದೆ. ವಿಜ್ಞಾನ ಅದರ ತಂಟೆಗೆ ಹೋಗಿಲ್ಲ.

ಇಷ್ಟಕ್ಕೆಲ್ಲ ಮೂಲ ನಿಮ್ಮ ಕಾಲದ ಓಟಗಾರ್ತಿ ಸುನಂದಾ ಬಡಿಗೇರ ಅವರು. ಅವರಿಗೆ ಹುಟ್ಟಿನಿಂದ ದೃಷ್ಟಿಯಿರಲಿಲ್ಲ. ಆದರೂ ಹಾಸ್ಟೆಲಿನ ಊಟದ ಗಂಟೆ ಹೊಡೆದರೆ ಎಲ್ಲರಿಗಿಂತ ಮೊದಲು ಅಡುಗೆಮನೆ ಮುಟ್ಟುತ್ತಿದ್ದರು. ಅದನ್ನು ಕಂಡ ಈರಣ್ಣ ಮೇಟಿ ಎಂಬ ವ್ಯಾಯಾಮ ಶಿಕ್ಷಕ ಅವರನ್ನು ಮೈದಾನಕ್ಕೆ ಕರೆತಂದ. ಪಕ್ಕದಲ್ಲಿ ಓಡುತ್ತ ತಿರುವು, ಎದುರಾಳಿ, ಗೆರೆ ಎಲ್ಲವನ್ನೂ ಕೂಗಿ ಹೇಳುವುದು ಅವನ ಕೆಲಸ. ಪ್ರಾಸದ ಹುಚ್ಚೂ ಅವನದೇ. ಮೊದಲ ನಾನೂರು ಮೀಟರ್ ಓಟದಲ್ಲಿ ತಿರುವಿಗೊಂದು ಪ್ರಾಸ ಹುಡುಕುತ್ತ, ಇಬ್ಬರೂ ಪಕ್ಕದ ಲೇನಿಗೆ ನುಗ್ಗಿ ಅನರ್ಹರಾದರು. "ಸರ, ಕವಿತಾ ಆಮ್ಯಾಲ ಕಟ್ರಿ, ಮೊದಲ ತಿರುವು ಬಂತು ಅಂತ ಹೇಳ್ರಿ" ಎಂದು ಅವರು ಬೈದದ್ದು ನಮ್ಮ ಪಠ್ಯದಲ್ಲಿದೆ. ಮುಂದೆ ರಾಷ್ಟ್ರೀಯ ಚಿನ್ನ ಬಂದಾಗ ಮೆರವಣಿಗೆಗೆ ತಂದ ಜೀಪು ಕೈಕೊಟ್ಟಿತು. "ನಾನ ಮುಂದ ಓಡ್ತೀನಿ, ಹಿರ್‍ಯಾರು ಜೀಪ ದಬ್ಬಿಕೊಂಡ ಬರ್ರಿ" ಎಂದರಂತೆ. ಹಿರಿಯರು ದಬ್ಬಿದರು.

ನಮ್ಮ ವಿದ್ವಾಂಸರು ಇಂದಿಗೂ ಕಚ್ಚಾಡುವುದು ಒಂದೇ ವಿಷಯಕ್ಕೆ. ಜಾಗತಿಕ ಕೂಟಕ್ಕೆ ಆಯ್ಕೆ ಮಾಡುವ ಪುಣೆಯ ಓಟ ಹತ್ತಿರ ಬಂದಾಗ ಸುನಂದಾ ಅವರ ವೇಗ ಏಕೆ ಇಳಿಯಿತು? ವಯಸ್ಸೆಂದು ಕೆಲವರು, ಮೊಣಕಾಲೆಂದು ಕೆಲವರು. ಅಲ್ಲಿ ಸೋತರೆ ಮತ್ತೊಂದು ಅವಕಾಶ ಇರಲಿಲ್ಲ. ಅಂಥ ಓಟದಲ್ಲಿ ಕೈದಾರ ಹಿಡಿದವರು ಯಾರು, ಈರಣ್ಣನೋ ಅಥವಾ ಅವನ ಶಿಷ್ಯೆ, ಇಪ್ಪತ್ತೆರಡರ ತಬಸ್ಸುಮಳೋ? ಆದ್ದರಿಂದ ಮಹಾಜನರೇ, ದೀರ್ಘ ಸಂಶೋಧನೆಯ ಫಲವಾಗಿ ನಾನು ಈ ಮೂಲಕ ಸಾರುವುದೇನೆಂದರೆ,

ಸಾಕು, ಸುನಂದಾ. ಇದು ೨೨೪೬ ಅಲ್ಲ, ಮಂಗಳವಾರ. ನಾನು ಈರಣ್ಣ ಸರ್. ನಿನ್ನ ಫೋನು ಇದನ್ನು ಓದಿ ಹೇಳುವಾಗ ನಾನು ಎದುರಿಗೆ ಇರುವುದಿಲ್ಲ, ಬೇಕೆಂತಲೇ. ನಿನ್ನ ಮೊಣಕಾಲಿಗೆ ಏನೂ ಆಗಿಲ್ಲ. ನನಗೆ ನಲವತ್ತೈದಾಗಿದೆ, ಅಷ್ಟೆ. ಕೊನೆಯ ನೂರು ಮೀಟರಿನಲ್ಲಿ ನಾನು ಹಿಂದೆ ಬಿದ್ದು ಹಗ್ಗ ಬಿಗಿಯಾದ ಕೂಡಲೇ ನೀನು ಹೆಜ್ಜೆ ಸಣ್ಣ ಮಾಡುತ್ತೀಯ. ಕೇಳಿದರೆ "ಇಲ್ಲರೀ ಸರ, ಸುಸ್ತಾಗೇತಿ" ಅನ್ನುತ್ತೀಯ. ಅದಕ್ಕೇ ಈ ಸಲ ಕೇಳಲಿಲ್ಲ. ಪುಣೆಗೆ ನನ್ನ ಬದಲು ತಬಸ್ಸುಮಳ ಹೆಸರು ಕೊಟ್ಟು ಬಂದಿದ್ದೇನೆ. ಸಂಜೆ ಅವಳು ಮೈದಾನಕ್ಕೆ ಬರುತ್ತಾಳೆ. ಬೈಯುವುದಿದ್ದರೆ ನನ್ನನ್ನು ಬೈ, ಅವಳ ಜೊತೆ ಓಡು. ನಿನ್ನ ಪೂರ್ತಿ ವೇಗದಲ್ಲಿ ಓಡು. ನಾನೂ ಅದನ್ನು ಇನ್ನೂ ನೋಡಿಲ್ಲ.