ಎದುರಿನಿಂದ ತೆಗೆದ ಒಂದೇ ಫೋಟೋ

ಅರಸೀಕೆರೆ
14-8-2002, ಬುಧವಾರ

ಪ್ರೀತಿಯ ಹೇಮಾ,

ನೀನು, ಮಗು ಆರೋಗ್ಯವಾಗಿದ್ದೀರಾ? ಸೊಂಟನೋವು ಈಗ ಹೇಗಿದೆ? ಬಿಸಿನೀರಿನ ಸ್ನಾನ ತಪ್ಪಿಸಬೇಡ. ಅತ್ತೆಯವರ ಮಂಡಿನೋವು ಕಡಿಮೆ ಆಯ್ತಾ? ನಾನು ಚೆನ್ನಾಗಿದ್ದೀನಿ ಅಂತ ಬರೀಬೇಕು, ಬರೆದಿದ್ದೀನಿ ಅನ್ಕೋ. ನಿಮ್ಮ ಪಕ್ಕದ ಮನೆಗೆ ಫೋನ್ ಮಾಡಿದ್ರೆ ಪ್ರತಿ ಸಲ ಮಾವನೇ ಬಂದು ಎತ್ತಿಕೊಳ್ತಾರೆ, "ಎಲ್ಲಾ ಚೆನ್ನಾಗವ್ರೆ" ಅಂತ ಇಟ್ಟೇ ಬಿಡ್ತಾರೆ. ಅರಸೀಕೆರೆಗೂ ಬಸ್ತಿಹಳ್ಳಿಗೂ ಎಷ್ಟು ಮಹಾ ದೂರ, ದುಬೈನಲ್ಲಿರೋನ ಥರ ಕಾಗದ ಬರೀತಾ ಕೂತಿದ್ದೀನಿ ನೋಡು.

ಕೆಲಸ ಹಾಗೇ ನಡೀತಿದೆ. ಬೀರೇಶಣ್ಣ ತಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿ ಮೇಲೆ ಕಂಪ್ಯೂಟರ್ ಹಾಕಿ ಕಾರ್ಖಾನೆ ಕೆಲಸ ತರಿಸ್ತಾರಲ್ಲ, ಅದೇ. ಕಾರಿನ ನಕ್ಷೆ ಬರುತ್ತೆ, ಎದುರಿಂದ, ಪಕ್ಕದಿಂದ, ಮೇಲಿಂದ, ಹಿಂದಿಂದ. ಅವನ್ನ ಕ್ಯಾಡ್ ಅನ್ನೋ ನಕ್ಷೆ ಬಿಡಿಸೋ ಪ್ರೋಗ್ರಾಮಿನಲ್ಲಿ ಒಂದಕ್ಕೊಂದು ಹೊಂದಿಸಿ ಗೆರೆ ಎಳೆದು, ಆ ಗೆರೆಗಳಿಗೆ ತಗಡು ಹೊದಿಸಿದಂಗೆ ಮೈ ಕೂರಿಸಬೇಕು. ಅರ್ಧ ಕಾರು ನಾವು ಮಾಡಿದ್ರೆ ಸಾಕು, ಇನ್ನರ್ಧ ಕನ್ನಡೀಲಿ ಕಂಡಂಗೆ ಕಂಪ್ಯೂಟರೇ ಮಾಡುತ್ತೆ. ನಾಮಕರಣದ ವಾರ ಆಗಿದ್ದು ಬಾನೆಟ್ಟಿನ ರಾಮಾಯಣ. ಮೇಲಿಂದ ನೋಡೋ ನಕ್ಷೆ ಜೆರಾಕ್ಸ್‌ನಲ್ಲಿ ಒಂಚೂರು ಹಿಗ್ಗಿತ್ತು, ನಾನು ಉದ್ದಾನ ಅದರಿಂದಲೇ ತಗೊಂಡೆ. ಬಾನೆಟ್ಟು ಹೋಗಿ ಮುಂದಿನ ಗಾಜಿನೊಳಕ್ಕೆ ನುಗ್ಗಿ ಕೂತ್ಕೊಂಡ್ತು. ಎಲ್ಲಾ ಅಳಿಸಿ ಮತ್ತೆ ಮಾಡಿ ನಾನು ಬರೋದ್ರೊಳಗೆ ನಿಮ್ಮನೇಲಿ ಹೆಸರಿಟ್ಟು ಊಟಾನೂ ಮುಗಿದಿತ್ತು. "ಕಾರೇನು ಓಡೋಗ್ತಿತ್ತೇನಯ್ಯ?" ಅಂತ ಮಾವ ಎಲ್ಲರೆದುರು ಕೇಳಿದ್ರು. ಚಕ್ರವೇ ಇಲ್ಲದ ಕಾರು ಎಲ್ಲಿಗೆ ಓಡುತ್ತೆ? ನಗೋಣ ಅಂದ್ರೆ ನೀನೂ ಮುಖ ತಿರುಗಿಸಿದೆ. ಮಗು ನಿದ್ದೆ ಮಾಡ್ತಿದೆ, ಎತ್ಕೋಬೇಡಿ ಅಂತ ಅತ್ತೆ ಅಂದ್ರು, ಬಂದ ದಾರೀಲೇ ವಾಪಸ್ ಬಂದೆ.

ನಿನ್ನ ತಮ್ಮ ಸಂತು ಕೊಟ್ಟುಹೋದ ಮಗಳ ಫೋಟೋ ಕಂಪ್ಯೂಟರ್ ಪಕ್ಕ ಇಟ್ಕೊಂಡಿದ್ದೀನಿ. ಆದ್ರೆ ಅದು ಎದುರಿಂದ ತೆಗೆದಿದ್ದು. ಎದುರಿಂದ ಮಾತ್ರ ನೋಡಿದ್ರೆ ಮೂಗು ಎಷ್ಟು ಮುಂದಿದೆ, ತಲೆ ಹಿಂದೆ ಎಷ್ಟು ಗುಂಡಗಿದೆ ಹೇಳೋಕಾಗಲ್ಲ ಕಣೇ, ನನ್ನ ಕಸುಬೇ ಅದು. ಯಾರದೋ ಕಾರಿನ ನಾಲ್ಕು ಕಡೆಯೂ ನನಗೆ ಬಾಯಿಪಾಠ, ನನ್ನ ಮಗಳ ಮೂಗು ಗೊತ್ತಿಲ್ಲ. ಸಂಜೆ ಮನೆಗೆ ಬಂದು ಬೀಗ ತೆಗೆಯೋಕೇ ಬೇಜಾರು. ಒಬ್ಬನಿಗೆ ಅಂತ ಮುದ್ದೆ ತಿರುವಿದ್ರೆ ಬರೀ ಗಂಟು. ನೀವಿಲ್ಲದೆ ನನ್ನ ಕೈಲಿ ಆಗ್ತಿಲ್ಲ ಹೇಮಾ.

ಬಾಣಂತನ ಮುಗಿಸಿ ಐದನೇ ತಿಂಗಳಿಗೆ ನಿಮ್ಮನೆಯವರೇ ಕಳಿಸ್ತಾರೆ ಅಂತ ನಾನು ಕಾಯ್ತಾ ಕೂತೆ. ಗಂಡಿನ ಕಡೆಯಿಂದ ಹಿರೀ ಮುತ್ತೈದೆ ಬಂದು ಕರೆದ್ರೆ ಕಳಿಸೋಣ ಅಂತ ಮಾವ ಕಾಯ್ತಾ ಕೂತಿದ್ದಾರಂತೆ, ಸಂತು ಹೇಳಿದ ಮೇಲೇ ಗೊತ್ತಾಗಿದ್ದು. ನಮ್ಮವ್ವ ಬದುಕಿದ್ದಿದ್ರೆ ಆಷಾಢ ಮುಗಿದ ಮಾರನೇ ದಿನವೇ ಹೂವು ಹಣ್ಣು ಕಟ್ಕೊಂಡು ಬಂದಿರೋಳು. ಇಲ್ಲದ ಅವ್ವನ್ನ ನಾನು ಎಲ್ಲಿಂದ ತರಲಿ? ಅಕ್ಕನೋ ತಂಗಿನೋ ಯಾರಿದ್ದಾರೆ ನನಗೆ? ಸಿಟ್ಟೂ ಬರುತ್ತೆ, ಅಳೂನೂ ಬರುತ್ತೆ.

ಅತ್ತೆ ಮಾವನಿಗೆ ನನ್ನ ನಮಸ್ಕಾರ ಹೇಳು. ಅಪ್ಪಂದು ಅಂತ ಹೇಳಿ ಮಗಳ ಕೆನ್ನೆಗೆ ಒಂದು ಮುತ್ತು ಕೊಡು.

ನಿನ್ನ ದಾರಿ ನೋಡ್ತಿರೋ
ಶಿವಪ್ರಕಾಶ

ಇನ್ನೊಂದು ಮಾತು: ಭಾನುವಾರ ಮೊದಲ ಬಸ್ಸಿಗೆ ಬರ್ತೀನಿ, ಜೊತೇಲಿ ನಮ್ಮ ಮನೆ ಓನರ್ ಹನುಮಮ್ಮನೋರೂ ಬರ್ತಾರೆ. ನೀನು ಬಸುರಿ ಇದ್ದಾಗ ಹುಣಸೆ ತೊಕ್ಕು ಮಾಡಿಕೊಟ್ಟವರು. "ನಿಮ್ಮವ್ವನ ಜಾಗದಲ್ಲಿ ನಿಂತು ನಾನು ಕರೀತೀನಿ ಕಣಪ್ಪ, ಆದ್ರೆ ನನ್ನ ಬರೀ ಹಣೆ ನೋಡಿ ಅವರು ಒಪ್ತಾರಾ?" ಅಂದ್ರು. ಗಂಡ ಇಲ್ಲದೋರು ಕರೆಯೋಕೆ ಬಂದ್ರು ಅಂತ ಮಾವ ಬಾಗಿಲಲ್ಲೇ ನಿಲ್ಲಿಸಬಹುದು. ನಾನು ಜಗಳ ಆಡಲ್ಲ. ನೀನೇ ಹೊರಗೆ ಬಂದು ಮಗೂನ ಹನುಮಮ್ಮನೋರ ಕೈಗೆ ಕೊಡು. ನೀನೂ ಒಳಗೇ ಉಳಿದ್ರೆ ನಾವಿಬ್ಬರೂ ಮುಂದಿನ ಬಸ್ಸಿಗೆ ವಾಪಸ್ ಹೋಗ್ತೀವಿ. ಹಾಗೆ ಮಾಡಬೇಡ ಕಣೇ.