ಮಗಳ ಎದುರಿಗೇ ಕೇಳಿದ್ರು

ಮಾರ್ಚ್ 4
ಇವತ್ತು ಹೋಟೆಲಿನ ಮೂರೂ ಮಹಡಿಯ ಶೀಟುಗಳು. ಊರವರ ಕಲೆಯೆಲ್ಲ ತೊಳೀತೀನಿ, ಒಂದು ದಿನವೂ ಅಸಹ್ಯ ಅನಿಸಿಲ್ಲ. ನಿನ್ನೆ ನನ್ನದೇ ಹಾಸಿಗೆಯದು — ಬಾಗಿಲು ಹಾಕ್ಕೊಂಡು ಉಜ್ಜಿದೆ. ಲಾಂಡ್ರಿ ವ್ಯಾನ್ ಓಡಿಸೋ ಅವರು ಮನೆಗೆ ಬಂದು ಹೋದಾಗೆಲ್ಲ ಹೀಗೇ, ರಕ್ತ. ಮುಟ್ಟು ನಿಂತು ಎರಡು ವರ್ಷ ಆಯ್ತಲ್ಲ. ಯಾರಿಗೆ ಹೇಳಲಿ? ರಕ್ತ ಅಂದ್ರೆ 'ಯಾವಾಗ' ಅಂತಾರೆ. ಗಂಡ ಸತ್ತವಳು ಏನಂತ ಹೇಳೋದು...

ಮಾರ್ಚ್ 11
ಸೂಪರ್‌ವೈಸರಮ್ಮ ಹೆಂಗಸರನ್ನೆಲ್ಲ ಸೇರಿಸಿದ್ರು. ಗರ್ಭಕೋಶದ ಬಾಯಿ ಕ್ಯಾನ್ಸರ್ ಟೆಸ್ಟ್, ಪುಕ್ಕಟೆ. ಏನೂ ತೊಂದರೆ ಇಲ್ಲದವರೂ ಮಾಡಿಸ್ಕೋಬೇಕಂತೆ, ಮೊದಲೇ ಸಿಕ್ಕರೆ ವಾಸಿ ಮಾಡಬಹುದಂತೆ. ಯಾರೂ ಕೇಳದೇನೇ "ನನಗ್ಯಾಕೆ, ಗಂಡನೇ ಇಲ್ಲ" ಅಂದೆ. ಕುಂಬಳಕಾಯಿ ಕಳ್ಳಿ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ಮನೇಲಿ ಬಾಯಿ ತಪ್ಪಿ ಮಗಳಿಗೂ ಹೇಳಿಬಿಟ್ಟೆ, ಹೀಗೊಂದು ಟೆಸ್ಟ್ ಇದೆ ಅಂತ.

ಮಾರ್ಚ್ 23
ಮಗಳು ಬಿಡಲಿಲ್ಲ, ಎಳ್ಕೊಂಡೇ ಹೋದಳು. ಪಕ್ಕದಲ್ಲೇ ಕೂತಳು. ಅವಳ ಎದುರಿಗೇ ಡಾಕ್ಟರಮ್ಮ — ಗಂಡಸಿನ ಜೊತೆ ಸೇರಿದ ಮೇಲೆ ರಕ್ತ ಏನಾದ್ರೂ ಹೋಗತ್ತಾ ಅಂತ. ಅಯ್ಯೋ ಅದೆಲ್ಲ ಎಲ್ಲಿ ಅಂದೆ. ನಕ್ಕೆ ಬೇರೆ. ಪರದೆ ಹಿಂದೆ ಬಟ್ಟೆ ತೆಗೆದು ಮಲಗೋಕೆ ನಾಚಿಕೆ ಆಗಲಿಲ್ಲ. ಟೆಸ್ಟೂ ಬೇಗ ಮುಗೀತು. ಆಚೆ ಬಂದು ಮಗಳ ಮುಖ ನೋಡೋಕೆ ನಾಚಿಕೆ ಆಯ್ತು.

ಏಪ್ರಿಲ್ 15
ಫೋನ್ ಮಾಡಿ ಕರೆಸಿದ್ರು. ಒಳಗಿನ ಜೀವಕಣಗಳು ಬದಲಾಗಿವೆಯಂತೆ. ಕ್ಯಾನ್ಸರ್ ಅಲ್ಲ — ಹಾಗೇ ಬಿಟ್ಟರೆ ಆಗಬಹುದು. ಮತ್ತೆ ಅದೇ ಪ್ರಶ್ನೆ. ಮಗಳು ಚೀಲ ತಗೊಂಡು ಎದ್ದಳು.
"ನಾನು ಆಚೆ ಇರ್ತೀನಮ್ಮ. ನೀನು ಹೇಳು."
ಅಂದ್ರೆ... ಗೊತ್ತಿತ್ತು ಅವಳಿಗೆ.
ನೆಲ ನೋಡ್ತಾ ಎಲ್ಲ ಹೇಳಿದೆ. ಡಾಕ್ಟರಮ್ಮ ಬರ್ಕೊಂಡ್ರು, ಎಷ್ಟು ತಿಂಗಳಿಂದ ಅಂತ ಮಾತ್ರ ಕೇಳಿದ್ರು. ಇದರ ವೈರಸ್ ಯಾರಿಗಾದ್ರೂ ಬರಬಹುದು, ಗಂಡ ಇದ್ದಾಗಲೇ ಬಂದಿದ್ದೂ ಇರಬಹುದು ಅಂದ್ರು.

ಏಪ್ರಿಲ್ 29
ಕೆಟ್ಟ ಭಾಗ ತೆಗೆದ್ರು. ಸಂಜೆ ಮನೆಗೆ. ಇನ್ಮೇಲೆ ತಪ್ಪದೆ ಟೆಸ್ಟ್. ದಿಂಬು ಸರಿಮಾಡ್ತಾ ಮಗಳು ಮೆಲ್ಲಗೆ ಕೇಳಿದಳು.
"ಸತ್ರೂ ಪರವಾಗಿಲ್ಲ, ನನಗೆ ಗೊತ್ತಾಗಬಾರದು ಅಂತಿದ್ಯಾ?"
ಗೋಡೆ ಕಡೆ ತಿರುಗಿದೆ. ಹೌದು ಅನ್ನೋದೇ ನಿಜ. ಹೇಗೆ ಅನ್ನಲಿ?

ಮೇ 5
ಭಾನುವಾರ. ವ್ಯಾನ್ ಓಡಿಸೋ ಅವರನ್ನ ಮಗಳೇ ಫೋನ್ ಮಾಡಿ ಕರೆಸಿದಾಳೆ. ಹೊರಗಿನ ರೂಮಲ್ಲಿ ಕೂತಿದಾರೆ, ಕೆಮ್ಮು ಕೇಳ್ತಿದೆ. ನಾನಿಲ್ಲಿ ಚಿಲಕ ಹಾಕ್ಕೊಂಡು... ಈ ವಯಸ್ಸಲ್ಲಿ, ಹೆತ್ತ ಮಗಳ ಮುಂದೆ, ಯಾವ ಮುಖ ಹೊತ್ಕೊಂಡು — ಬಾಗಿಲು ತಟ್ಟಿದಳು. ಟೀ ಆರ್ತಿದೆಯಂತೆ. ಬಂದೆ ಅಂದೆ. ತಲೆ ಬಾಚ್ಕೊಂಡು ಚಿಲಕ ತೆಗೀತೀನಿ.